ಇಂಧನ ‘ಟಾನಿಕ್’: ಹೆಬ್ಬೆಯ ಏರಿಗೆ ಬಾಟಲಿಯ ಬಲ ಬೇಕೆ?

ತರೀಕೆರೆ: ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತಕ್ಕೆ ಹೋಗುವ ಕಾಡುದಾರಿಯನ್ನು ಒಮ್ಮೆ ಕಂಡವರಿಗೆ ಅಲ್ಲಿ ಜೀಪೊಂದು ಪಡುವ ಪಾಡನ್ನು ವಿವರಿಸಬೇಕಾಗಿಲ್ಲ. ದೂರ ಸುಮಾರು ಎಂಟು ಕಿಲೋಮೀಟರ್ ಮಾತ್ರ. ಆದರೆ ಕಲ್ಲು, ಕೊರಕಲು, ಕೆಸರುಗಳ ನಡುವೆ ಬಹುಪಾಲು ಹಾದಿಯನ್ನು ಮೊದಲ ಹಾಗೂ ಎರಡನೆಯ ಗೇರಿನಲ್ಲಿಯೇ ಸವೆಸಬೇಕು. ಪ್ರವಾಸಿಗರು ಜಲಪಾತ ನೋಡಿ ಬರುವವರೆಗೆ ಬಿಸಿಯಾದ ಎಂಜಿನ್ ಹಾಗೆಯೇ ನಿಂತಿರುತ್ತದೆ. ಅನಂತರ ಮತ್ತೆ ಏರು. ಪ್ರವಾಸಿಗರು ಹೆಚ್ಚಿರುವ ತಿಂಗಳುಗಳಲ್ಲಿ ಇದೇ ಕ್ರಮ ಪುನರಾವರ್ತನೆಯಾಗುತ್ತದೆ. ಮಳೆ ಹಿಡಿದರೆ ದಿನಗಟ್ಟಲೆ ಶೆಡ್ಡಿನಲ್ಲಿ ವಿಶ್ರಾಂತಿ.

ಇಂತಹ ಹಾದಿಯಲ್ಲಿ ದುಡಿಯುವ ವಾಹನದ ಮಾಲೀಕನಿಗೆ ಒಂದು ಲೀಟರ್ ಡೀಸೆಲ್‌ನ ಬೆಲೆ ಮತ್ತು ಒಂದು ದಿನದ ಗ್ಯಾರೇಜ್ ವಾಸ ಎರಡೂ ನೇರವಾಗಿ ಹೊಟ್ಟೆಪಾಡಿನ ಪ್ರಶ್ನೆಗಳು. ಅದನ್ನು ಅರಿತೇ ಬಿಡಿಭಾಗಗಳ ಅಂಗಡಿಯ ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ಪುಟ್ಟ ಬಾಟಲಿಗಳು ಸಾಲಾಗಿ ನಿಂತಿವೆ. ಇಂಜೆಕ್ಟರ್ ಕ್ಲೀನರ್, ಡೀಸೆಲ್ ಟ್ರೀಟ್‌ಮೆಂಟ್, ಪೆಟ್ರೋಲ್ ಬೂಸ್ಟರ್ ಎಂದು ಹೆಸರು ಹಲವು. ಟ್ಯಾಂಕಿಗೆ ಸುರಿದರೆ ಮಸಿ ಕರಗುತ್ತದೆ, ಎಳೆತ ಹೆಚ್ಚುತ್ತದೆ, ಮೈಲೇಜ್ ಏರುತ್ತದೆ ಎಂಬುದು ಇವೆಲ್ಲವುಗಳ ಸಮಾನ ವಾಗ್ದಾನ. ಬೆಲೆ ಕೆಲವು ನೂರು ರೂಪಾಯಿ. ಅಂಗಡಿಯಲ್ಲಿ ಕೊಳ್ಳದವರಿಗೂ ಸರ್ವಿಸ್ ಬಿಲ್ಲಿನಲ್ಲಿ ಇದು ತಪ್ಪಿದ್ದಲ್ಲ. ಈ ವರದಿಗಾರನ ಕಾರಿನ ಹತ್ತು ಸಾವಿರ ಕಿಲೋಮೀಟರ್ ಸರ್ವಿಸ್ ಬಿಲ್ಲಿನಲ್ಲಿಯೂ, ಕೇಳದಿದ್ದ ‘ಇಂಜೆಕ್ಟರ್ ಕ್ಲೀನರ್’ ಸದ್ದಿಲ್ಲದೆ ಸೇರಿಕೊಂಡಿತ್ತು. ಅದೇಕೆ ಎಂದು ವಿಚಾರಿಸಿದಾಗ ದೊರೆತ ಉತ್ತರ, ಎಲ್ಲರಿಗೂ ಹಾಕುತ್ತೇವೆ ಎಂಬುದಾಗಿತ್ತು.

ಎಲ್ಲರಿಗೂ ಹಾಕಬೇಕಾದ ವಸ್ತು ಇದಲ್ಲ ಎಂಬುದು ಈ ವಿಶ್ಲೇಷಣೆಯ ನಿಲುವು. ಹಾಗೆಂದು ಬಾಟಲಿಯೊಳಗೆ ಇರುವುದೆಲ್ಲ ಬಣ್ಣದ ನೀರು ಎಂದೂ ಅಲ್ಲ. ಕೆಲವು ಎಂಜಿನ್‌ಗಳಲ್ಲಿ, ಕೆಲವು ಸಂದರ್ಭಗಳಲ್ಲಿ, ಕೆಲವು ರಾಸಾಯನಿಕಗಳು ನಿಜಕ್ಕೂ ಕೆಲಸ ಮಾಡುತ್ತವೆ. ಆ ‘ಕೆಲವು’ ಯಾವುವು ಎಂಬುದನ್ನು ಬಾಟಲಿ ಹೇಳುವುದಿಲ್ಲ. ಹೇಳಿದರೆ ಮಾರಾಟ ಕುಸಿದೀತು.

ಮಸಿ ಕಟ್ಟುವ ಬಗೆ

ಪೆಟ್ರೋಲ್ ಎಂಬುದು ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಮೂತಿಯ ಮೂಲಕ ಹರಿಯುವ ಇಂಧನವೇ ಅದನ್ನು ತಣ್ಣಗಿಡುತ್ತದೆ. ಎಂಜಿನ್ ನಿಂತೊಡನೆ ಹರಿವು ನಿಲ್ಲುತ್ತದೆ, ಸುತ್ತಲ ಲೋಹದ ಬಿಸಿ ಮಾತ್ರ ಉಳಿಯುತ್ತದೆ. ಮೂತಿಯಲ್ಲಿ ಉಳಿದ ಹನಿಯ ಹಗುರ ಅಂಶಗಳು ಆವಿಯಾಗಿ, ಭಾರದ ಅಂಶಗಳು ಬೆಂದು ಅಂಟಾಗುತ್ತವೆ. ಪಾಯಸದ ಪಾತ್ರೆಯನ್ನು ಒಲೆಯ ಮೇಲೆಯೇ ಮರೆತರೆ ತಳದಲ್ಲಿ ಆಗುವುದೂ ಇದೇ. ಇಂಜೆಕ್ಟರಿನ ರಂಧ್ರ ಕೂದಲಿನಷ್ಟು ಸೂಕ್ಷ್ಮವಾದುದರಿಂದ, ಅಲ್ಲಿ ಕಟ್ಟುವ ತೆಳುಪದರವೂ ಇಂಧನ ಸಿಂಪಡಿಕೆಯ ಆಕಾರವನ್ನು ಕೆಡಿಸಬಲ್ಲದು. ಓಡಿ ನಿಂತು, ಓಡಿ ನಿಲ್ಲುವ ಹೆಬ್ಬೆಯಂತಹ ಸಣ್ಣ ಪ್ರಯಾಣಗಳು ಇದಕ್ಕೆ ಹೇಳಿ ಮಾಡಿಸಿದ ಪರಿಸ್ಥಿತಿ. ಅದೇ ವಾಹನ ಬೀರೂರು, ಕಡೂರುಗಳ ಮೂಲಕ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವುದಾದರೆ ಅಂಟು ಕಟ್ಟುವ ಅವಕಾಶ ಬಹಳ ಕಡಿಮೆ.

1980ರ ದಶಕದಲ್ಲಿ ಅಮೆರಿಕದ ಕಾರುಗಳು ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ ವ್ಯವಸ್ಥೆಗೆ ಹೊರಳಿದಾಗ ಈ ತೊಂದರೆ ವ್ಯಾಪಕವಾಗಿ ಕಾಣಿಸಿಕೊಂಡಿತು. ಅದಕ್ಕೆ ಕಂಡುಕೊಂಡ ಪರಿಹಾರವೇ ಮಾರ್ಜಕ, ಅಂದರೆ ಪೆಟ್ರೋಲಿನಲ್ಲಿ ಕರಗಿ ಕೊಳೆ ಹಿಡಿಯದಂತೆ ತಡೆಯುವ ಒಂದು ಬಗೆಯ ಸಾಬೂನು. 1995ರ ಜನವರಿಯಿಂದ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಮಾರಾಟವಾಗುವ ಪೆಟ್ರೋಲಿಗೆಲ್ಲ ಮಾರ್ಜಕ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಆ ಕನಿಷ್ಠ ಪ್ರಮಾಣ ಸಾಲದೆಂದು 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ ಹಾಗೂ ಟೊಯೋಟಾ ಕಂಪನಿಗಳು ಸೇರಿ ‘ಟಾಪ್ ಟಿಯರ್’ ಎಂಬ ಹೆಚ್ಚಿನ ಮಾನದಂಡವನ್ನು ರೂಪಿಸಿದವು. 2016ರಲ್ಲಿ ಅಮೆರಿಕದ ವಾಹನ ಚಾಲಕರ ಸಂಘವಾದ ಎಎಎ ನಡೆಸಿದ ಪರೀಕ್ಷೆಯಲ್ಲಿ, 4,000 ಮೈಲಿ ಓಟಕ್ಕೆ ಸಮನಾದ ಬಳಕೆಯ ನಂತರ ಈ ಮಾನದಂಡವಿಲ್ಲದ ಪೆಟ್ರೋಲಿನಿಂದ ಒಳಬರುವ ವಾಲ್ವ್‌ಗಳ ಮೇಲೆ ಸರಾಸರಿ 19 ಪಟ್ಟು ಹೆಚ್ಚು ಮಸಿ ಕಟ್ಟಿದ್ದು ಕಂಡುಬಂದಿತು. ಎರಡು ಬಗೆಯ ಪೆಟ್ರೋಲಿನ ಬೆಲೆಯ ಅಂತರ ಮಾತ್ರ ಗ್ಯಾಲನ್ನಿಗೆ ಸರಾಸರಿ ಮೂರು ಸೆಂಟ್.

ಇದರಿಂದ ತಿಳಿಯುವ ಸಂಗತಿಗಳು ಎರಡು. ಮಾರ್ಜಕ ಕೆಲಸ ಮಾಡುತ್ತದೆ ಎಂಬುದು ಒಂದು. ಅದನ್ನು ಬೆರೆಸಬೇಕಾದ ಜಾಗ ತೈಲ ಕಂಪನಿಯ ಡಿಪೋ, ಬೆರೆಸುವ ಖರ್ಚು ಪುಡಿಗಾಸು ಎಂಬುದು ಇನ್ನೊಂದು. ನಮ್ಮಲ್ಲಿ ಬಂಕಿನ ಫಲಕದ ಮೇಲೆ ದರವಿರುತ್ತದೆ, ಸಾಂದ್ರತೆ ಇರುತ್ತದೆ. ಸಾಮಾನ್ಯ ಪೆಟ್ರೋಲಿನಲ್ಲಿ ಮಾರ್ಜಕ ಎಷ್ಟಿದೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ದುಬಾರಿ ‘ಬ್ರಾಂಡೆಡ್’ ಪೆಟ್ರೋಲಿನ ಪ್ರಚಾರದಲ್ಲಿ ಎಂಜಿನ್ ಸ್ವಚ್ಛತೆಯ ಮಾತು ಬರುತ್ತದಾದರೂ, ಜನಮನದಲ್ಲಿ ಅದು ಆಕ್ಟೇನ್ ಸಂಖ್ಯೆಯೊಂದಿಗೆ ಕಲಸಿಹೋಗಿದೆ. ಆಕ್ಟೇನ್ ಎಂಬುದು ಇಂಧನ ಅಕಾಲದಲ್ಲಿ ಸಿಡಿಯದಂತೆ ತಡೆದುಕೊಳ್ಳುವ ಗುಣ. ಅದಕ್ಕೂ ತೊಳೆಯುವುದಕ್ಕೂ ಸಂಬಂಧವಿಲ್ಲ. ತೈಲ ಕಂಪನಿಗಳು ಮಾರ್ಜಕದ ಪ್ರಮಾಣವನ್ನು ಪ್ರಕಟಿಸಿದರೆ ಬಾಟಲಿ ವ್ಯಾಪಾರದ ಅರ್ಧ ಬಂಡವಾಳ ಅಲ್ಲಿಗೇ ಕರಗುತ್ತದೆ. ಗ್ರಾಹಕ ಸಂಘಟನೆಗಳು ಈ ಬೇಡಿಕೆಯನ್ನು ಗಟ್ಟಿಯಾಗಿ ಎತ್ತಬೇಕಾಗಿದೆ.

ಯಾವ ಎಂಜಿನ್, ಯಾವ ಔಷಧಿ

ಬಾಟಲಿಯ ವಿಚಾರಕ್ಕೆ ಬರೋಣ. ಅವುಗಳಲ್ಲಿ ಬಳಕೆಯಾಗುವ ಮುಖ್ಯ ಮಾರ್ಜಕಗಳು ಎರಡು. ಪಾಲಿಐಸೊಬ್ಯುಟಿಲೀನ್ ಅಮೀನ್ ವಾಲ್ವ್‌ಗಳನ್ನು ಶುಚಿಯಾಗಿಡುತ್ತದೆಯಾದರೂ ದಹನ ಕೋಣೆಯಲ್ಲಿ ತಾನೇ ಸ್ವಲ್ಪ ಮಸಿಯನ್ನು ಬಿಟ್ಟುಹೋಗುವ ಸ್ವಭಾವದ್ದು. ಪಾಲಿಈಥರ್ ಅಮೀನ್, ಅಂದರೆ ಪಿಇಎ, ಹೆಚ್ಚಿನ ಉಷ್ಣತೆಯನ್ನು ತಾಳಿಕೊಂಡು ಈಗಾಗಲೇ ಕಟ್ಟಿರುವ ಮಸಿಯನ್ನೂ ಕ್ರಮೇಣ ಕರಗಿಸಬಲ್ಲದು. ಆದುದರಿಂದ ಇದರ ಬೆಲೆ ಹೆಚ್ಚು. ಅಗ್ಗದ ಬಾಟಲಿಗಳ ಲೇಬಲ್ ತಿರುಗಿಸಿ ನೋಡಿದರೆ ಎರಡೂ ಹೆಸರುಗಳು ಸಿಗದಿರುವುದೇ ಹೆಚ್ಚು. ಅಂತಹವುಗಳಲ್ಲಿ ಬಹುಪಾಲು ಇರುವುದು ಸೀಮೆಎಣ್ಣೆಯ ಬಳಗಕ್ಕೆ ಸೇರಿದ ದ್ರಾವಕ. ಸೀಮೆಎಣ್ಣೆ ಬೆರೆತ ಇಂಧನಕ್ಕೆ ಹೆದರುವ ನಾವು ಅದನ್ನೇ ಮುದ್ದಾದ ಬಾಟಲಿಯಲ್ಲಿ ಹಣ ಕೊಟ್ಟು ತರುತ್ತೇವೆ.

ಔಷಧಿ ಒಳ್ಳೆಯದಾದರೂ ರೋಗ ಇರುವ ಜಾಗಕ್ಕೆ ಅದು ತಲುಪಬೇಕಷ್ಟೆ. ನಮ್ಮಲ್ಲಿ ಓಡುವ ಸಾಮಾನ್ಯ ಪೆಟ್ರೋಲ್ ಕಾರುಗಳಲ್ಲಿ ಇಂಜೆಕ್ಟರ್ ವಾಲ್ವಿನ ಹಿಂದೆ, ಗಾಳಿ ಬರುವ ದಾರಿಯಲ್ಲಿ ಕುಳಿತಿರುತ್ತದೆ. ಅದು ಸಿಂಪಡಿಸುವ ಪೆಟ್ರೋಲ್ ವಾಲ್ವಿನ ಬೆನ್ನನ್ನು ತೊಳೆದುಕೊಂಡೇ ಒಳಹೋಗುವುದರಿಂದ ಅದರಲ್ಲಿರುವ ಮಾರ್ಜಕವೂ ಅಲ್ಲಿಗೆ ತಲುಪುತ್ತದೆ. ಆದರೆ ಇತ್ತೀಚಿನ ಹಲವು ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಇಂಧನ ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ವಾಲ್ವಿನ ಬೆನ್ನಿಗೆ ಪೆಟ್ರೋಲ್ ಸೋಕುವುದೇ ಇಲ್ಲ. ಅಲ್ಲಿ ಮಸಿ ಕಟ್ಟುವುದು ಎಂಜಿನ್ ಆಯಿಲ್‌ನ ಆವಿಯಿಂದ. ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದರೂ ಆ ಮಸಿಗೆ ಸುದ್ದಿಯೂ ಮುಟ್ಟದು. ಅದನ್ನು ತೆಗೆಯಲು ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ರಭಸದಿಂದ ಹಾಯಿಸುವಂತಹ ಯಾಂತ್ರಿಕ ಕ್ರಮಗಳೇ ಬೇಕು. ಆಧುನಿಕ ವಾಹನಕ್ಕೆ ಆಧುನಿಕ ಬಾಟಲಿ ಎಂಬ ಪ್ರಚಾರ ಮುಗ್ಗರಿಸುವುದು ಇಲ್ಲಿಯೇ.

ಇನ್ನೊಂದು ಅಂಶವೂ ಗಮನಾರ್ಹ. 2020ರ ಏಪ್ರಿಲ್‌ನಲ್ಲಿ ದೇಶಾದ್ಯಂತ ಬಿಎಸ್-6 ಜಾರಿಗೆ ಬಂದ ಮೇಲೆ ನೂರು ಸಿಸಿಯ ಬೈಕುಗಳೂ ಬಹುತೇಕ ಇಂಜೆಕ್ಷನ್ ವ್ಯವಸ್ಥೆಗೆ ಬಂದಿವೆ. ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು, ಇಂಧನ ಕಡಿಮೆಯಾಗಿದ್ದರೆ ಹೆಚ್ಚಿಸಿ, ಹೆಚ್ಚಾಗಿದ್ದರೆ ತಗ್ಗಿಸಿ ಸರಿದೂಗಿಸುವ ಪುಟ್ಟ ಕಂಪ್ಯೂಟರ್ ಅವುಗಳಲ್ಲಿದೆ. ಇಂಜೆಕ್ಟರ್ ತುಸು ಕಟ್ಟಿಕೊಂಡರೂ ಅದು ನಿಭಾಯಿಸಿಕೊಂಡು ಹೋಗುತ್ತದೆ. ಆದ್ದರಿಂದ ಬಾಟಲಿ ಸುರಿದ ಮರುದಿನ ಗಾಡಿ ಹಾರುತ್ತಿದೆ ಎಂದು ಅನಿಸಿದರೆ, ಹಾರುತ್ತಿರುವುದು ಬಹುಶಃ ಖರ್ಚು ಮಾಡಿದ ಮನಸ್ಸು. ನಿಜಕ್ಕೂ ತೊಂದರೆ ಇದ್ದಲ್ಲಿ ಕಂಪ್ಯೂಟರ್ ಎಷ್ಟರಮಟ್ಟಿಗೆ ಸರಿದೂಗಿಸುತ್ತಿದೆ ಎಂಬ ಅಂಕಿ ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ಅದನ್ನು ಓದಲು ಬಲ್ಲ ಮೆಕ್ಯಾನಿಕ್‌ಗೆ ಕೊಡುವ ಹಣ, ಊಹೆಯ ಮೇಲೆ ಬಾಟಲಿಗೆ ಸುರಿಯುವ ಹಣಕ್ಕಿಂತ ಮೇಲು.

ಮೈಲೇಜ್ ಲೆಕ್ಕ

ಕಾಗದ ಪೆನ್ನು ಹಿಡಿದು ಒಂದು ಲೆಕ್ಕ ಹಾಕಬಹುದು. ಬಾಟಲಿಗೆ 400 ರೂಪಾಯಿ, ಪ್ರತಿ 5,000 ಕಿಲೋಮೀಟರಿಗೆ ಒಂದು ಎಂದಿಟ್ಟುಕೊಳ್ಳೋಣ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಅಷ್ಟು ದೂರಕ್ಕೆ ಸುಮಾರು 333 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ ನೂರು ರೂಪಾಯಿ ಎಂದರೆ, ಬಾಟಲಿಯ ಹಣ ಮರಳಲು ನಾಲ್ಕು ಲೀಟರ್ ಉಳಿಯಬೇಕು. ಅಂದರೆ ಶೇ. 1.2ರಷ್ಟು. ಇಷ್ಟು ಸಣ್ಣ ವ್ಯತ್ಯಾಸವನ್ನು ಮನೆಯಲ್ಲಿ ಕುಳಿತು ಅಳೆಯುವುದು ಅಸಾಧ್ಯ. ಟೈರಿನ ಗಾಳಿ ಸ್ವಲ್ಪ ಇಳಿದರೂ, ಇನ್ನಿಬ್ಬರು ಹತ್ತಿ ಕುಳಿತರೂ, ಲಿಂಗದಹಳ್ಳಿಯಿಂದ ಮೇಲಕ್ಕೆ ಒಂದು ಬಾರಿ ಹೆಚ್ಚಾಗಿ ಹೋಗಿ ಬಂದರೂ ಅದು ಮುಚ್ಚಿಹೋಗುತ್ತದೆ.

ಬಾಟಲಿಯ ಮೇಲೆ ಬರೆದಿರುವುದು ಮಾತ್ರ ಶೇ. 1.2 ಅಲ್ಲ, ಹತ್ತು, ಹದಿನೈದು ಎಂಬ ಅಂಕಿಗಳು ಅಲ್ಲಿ ರಾರಾಜಿಸುತ್ತವೆ. ಅದು ನಿಜವೇ ಆಗಿದ್ದರೆ ಮೊದಲು ಮುಗಿಬೀಳಬೇಕಾದವರು ವಾಹನ ತಯಾರಕರು. ಸರಾಸರಿ ಇಂಧನ ಬಳಕೆಯ ಮಿತಿ ನಮ್ಮ ದೇಶದ ಕಾರು ಕಂಪನಿಗಳಿಗೆ 2017-18ರಿಂದ ಅನ್ವಯವಾಗುತ್ತಿದೆ, 2022-23ರಿಂದ ಅದು ಇನ್ನಷ್ಟು ಬಿಗಿಯಾಗಿದೆ. ಆ ಮಿತಿಯೊಳಗೆ ಬರಲು ಕಾರಿನ ತೂಕದಲ್ಲಿ ಕಿಲೋಗಳನ್ನು ಕಳೆಯುವ ಎಂಜಿನಿಯರುಗಳು, ನಾನೂರು ರೂಪಾಯಿಯ ದ್ರಾವಣವೊಂದನ್ನು ಕಡೆಗಣಿಸಿ ಕುಳಿತಿದ್ದಾರೆ ಎಂದರೆ ನಂಬುವವರು ಯಾರು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆ ಎನ್ನಲಾದ ನೂರಕ್ಕೂ ಹೆಚ್ಚು ಸಾಧನ ಹಾಗೂ ದ್ರಾವಣಗಳನ್ನು ಪರೀಕ್ಷಿಸಿದೆ. ಬೆರಳೆಣಿಕೆಯಷ್ಟು ಅತ್ಯಲ್ಪ ಉಳಿತಾಯ ತೋರಿದವು. ಕೆಲವು ಎಂಜಿನ್‌ಗೇ ಹಾನಿ ಮಾಡುವಂತಿದ್ದವು.

ಇಂಧನದ ಪವಾಡಗಳಿಗೆ ಮರುಳಾಗುವುದು ನಮ್ಮಲ್ಲಿ ಹೊಸತೇನೂ ಅಲ್ಲ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಎಂಬಾತ ಗಿಡಮೂಲಿಕೆ ಕುದಿಸಿ ಪೆಟ್ರೋಲ್ ಮಾಡುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದ್ದು ಹಲವರಿಗೆ ನೆನಪಿರಬಹುದು. ‘ಮೂಲಿಕೆ ಪೆಟ್ರೋಲ್’ ಎಂದು ಮಾರಾಟವಾದದ್ದು ಟಾಲ್ವೀನ್, ನಾಫ್ತಾಗಳಂತಹ ಪೆಟ್ರೋ ರಾಸಾಯನಿಕಗಳ ಮಿಶ್ರಣ ಎಂಬುದು ತನಿಖೆಯಿಂದ ಬಯಲಾಯಿತು. ಶಿಕ್ಷೆ ಪ್ರಕಟವಾಗಲು 2016ರವರೆಗೆ ಕಾಯಬೇಕಾಯಿತು.

ಮಲೆನಾಡಿನ ಮಳೆ, ಇ20 ಪೆಟ್ರೋಲ್

ಬಾಟಲಿ ವ್ಯಾಪಾರಕ್ಕೆ ಇತ್ತೀಚೆಗೆ ಹೊಸ ಹುರುಪು ಬಂದಿರುವುದು ಎಥನಾಲ್‌ನಿಂದ. ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲಿಯೇ. 2023ರ ಫೆಬ್ರವರಿ 6ರಂದು ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿ ಅದಕ್ಕೆ ಚಾಲನೆ ನೀಡಿದರು. ಮೊದಲು 2030ಕ್ಕೆ ಎಂದಿದ್ದ ಗುರಿಯನ್ನು 2025ಕ್ಕೇ ಮುಟ್ಟಲಾಯಿತು. 2025ರ ಆಗಸ್ಟ್‌ನಲ್ಲಿ ಹಳೆಯ ವಾಹನಗಳ ಮಾಲೀಕರಿಂದ ಆಕ್ಷೇಪಗಳ ಸುರಿಮಳೆಯಾಯಿತು. ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆ ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಆ ಆತಂಕದ ಬೆನ್ನಿಗೇ ‘ಎಥನಾಲ್ ರಕ್ಷಕ’ ಎಂಬ ಹೊಸ ಲೇಬಲ್‌ಗಳು ಮಾರುಕಟ್ಟೆಯಲ್ಲಿ ಕಾಣಿಸಿಕೊಂಡವು.

ಇಲ್ಲಿಯೂ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಬಿಡಿಸಿ ನೋಡಬೇಕು. ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಎಥನಾಲ್ ರಹಿತ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಇಂಧನ ಕ್ಷಮತೆ ಶೇ. 6ರಿಂದ 7ರಷ್ಟು, ಅಂತಹ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4ರಷ್ಟು ಕುಗ್ಗಬಹುದೆಂದು ನೀತಿ ಆಯೋಗವು 2021ರ ತನ್ನ ಮಾರ್ಗಸೂಚಿಯಲ್ಲಿಯೇ ಅಂದಾಜಿಸಿತ್ತು. ಇ20ಗೆ ಹೊಂದಿಸಿದ ಕಾರುಗಳಲ್ಲಿ ಕುಸಿತ ಶೇ. 1ರಿಂದ 2. ಈ ನಷ್ಟ ಇಂಧನದ ಗುಣದಲ್ಲಿಯೇ ಇರುವಂಥದ್ದು. ಟ್ಯಾಂಕಿನಲ್ಲಿಲ್ಲದ ಶಕ್ತಿಯನ್ನು ಒಂದು ಬಾಟಲಿ ಎಲ್ಲಿಂದ ತರಬೇಕು? ಹಳೆಯ ವಾಹನಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು 20,000ದಿಂದ 30,000 ಕಿಲೋಮೀಟರ್ ಬಳಕೆಯ ನಂತರ ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಒಪ್ಪಿಕೊಂಡಿತು. ಉಬ್ಬಿದ ರಬ್ಬರನ್ನು ಹಿಂದಿನ ಸ್ಥಿತಿಗೆ ತರುವ ದ್ರಾವಣವೂ ಇಲ್ಲ. ತುಕ್ಕು ತಡೆಯುವ ಅಂಶ ಕೆಲವು ಬಾಟಲಿಗಳಲ್ಲಿ ಇರುವುದು ನಿಜ. ಅದರ ಪ್ರಯೋಜನ ಲೋಹದ ಟ್ಯಾಂಕಿನ ಹಳೆಯ ಗಾಡಿಗಳಿಗಷ್ಟೇ ಸೀಮಿತ.

ಮಲೆನಾಡಿಗರಿಗೆ ಇದಕ್ಕಿಂತ ದೊಡ್ಡ ತಲೆನೋವು ನೀರು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಒಂದು ಮಿತಿಯವರೆಗೆ ಆ ನೀರು ಪೆಟ್ರೋಲಿನಲ್ಲಿ ಕರಗಿದ್ದು ಎಂಜಿನ್‌ನಲ್ಲಿ ಉರಿದುಹೋಗುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಜೊತೆಗೂಡಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನಿಂದ ಇಂಧನ ಎಳೆಯುವ ಕೊಳವೆ ಇರುವುದು ತಳದಲ್ಲಿಯೇ. ‘ನೀರು ತೆಗೆಯುವ’ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಬಗೆಯ ಆಲ್ಕೊಹಾಲ್. ಲೀಟರಿಗೆ 200 ಮಿ.ಲೀ. ಆಲ್ಕೊಹಾಲ್ ಈಗಾಗಲೇ ಬೆರೆತಿರುವ ಪೆಟ್ರೋಲಿಗೆ ಮತ್ತಷ್ಟು ಆಲ್ಕೊಹಾಲನ್ನು ಹಣ ಕೊಟ್ಟು ಸುರಿಯುವುದರಲ್ಲಿ ಯಾವ ಅರ್ಥವೂ ಇಲ್ಲ.

ದಿನನಿತ್ಯ ಓಡುವ ಬೈಕು, ಕಾರುಗಳಲ್ಲಿ ಇಂಧನ ಟ್ಯಾಂಕಿನಲ್ಲಿ ಹೆಚ್ಚು ದಿನ ಉಳಿಯದ ಕಾರಣ ಈ ಭಯ ಅಷ್ಟಾಗಿ ಬೇಕಿಲ್ಲ. ನಿಜವಾದ ಅಪಾಯ ಇರುವುದು ತೋಟದ ಶೆಡ್ಡಿನಲ್ಲಿ. ಹೆಬ್ಬೆ, ಕಲ್ಲತ್ತಿಗಿರಿ ಆಸುಪಾಸಿನ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುನ್ನ ಬೋರ್ಡೊ ದ್ರಾವಣ ಸಿಂಪಡಿಸುವ ಪವರ್ ಸ್ಪ್ರೇಯರ್, ಮಳೆ ನಿಂತ ಮೇಲೆ ಕಳೆ ಹೊಡೆಯುವ ವೀಡ್ ಕಟರ್ ಇವೆಲ್ಲ ಕಾರ್ಬ್ಯುರೇಟರ್ ಇರುವ ಪುಟ್ಟ ಯಂತ್ರಗಳು. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ತಿಂಗಳುಗಳಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಇಟ್ಟುಕೊಂಡೇ ಮಲಗುತ್ತವೆ. ಆ ಅವಧಿಯಲ್ಲಿ ಪೆಟ್ರೋಲ್ ಹಳಸಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ಎರಡು ಸ್ಟ್ರೋಕ್ ಎಂಜಿನ್‌ಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಅವುಗಳಿಗೆ ಎಣ್ಣೆ ದೊರೆಯುವುದು ಪೆಟ್ರೋಲಿನೊಂದಿಗೆ ಬೆರೆಸಿದ್ದರಿಂದಲೇ. ಎಥನಾಲ್ ಮತ್ತು ನೀರು ತಳಕ್ಕೆ ಇಳಿದಾಗ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಕೆಳಗಿನಿಂದ ಎಂಜಿನ್‌ಗೆ ಹೋಗುವ ದ್ರವದಲ್ಲಿ ಜಿಡ್ಡೇ ಇರುವುದಿಲ್ಲ. ಪಿಸ್ಟನ್ ಕಚ್ಚಿಕೊಂಡ ಯಂತ್ರವನ್ನು ರಿಪೇರಿಗೆ ಒಯ್ಯುವ ಬೆಳೆಗಾರ ‘ಎಣ್ಣೆ ಸರಿಯಾಗಿಯೇ ಹಾಕಿದ್ದೆ’ ಎಂದರೆ ಅದು ಸುಳ್ಳಾಗಿರಬೇಕಿಲ್ಲ.

ಬಾಟಲಿಗೆ ನಿಜವಾದ ಸ್ಥಾನವೊಂದಿದ್ದರೆ ಅದು ಇಲ್ಲಿದೆ. ಪೆಟ್ರೋಲ್ ಹಳಸುವುದನ್ನು ನಿಧಾನಗೊಳಿಸುವ ಸ್ಟೆಬಿಲೈಸರ್ ಎಂಬ ದ್ರಾವಣವನ್ನು ತಾಜಾ ಪೆಟ್ರೋಲಿಗೆ, ಯಂತ್ರವನ್ನು ಒಳಗಿಡುವ ಮೊದಲೇ ಬೆರೆಸಿದರೆ ಪ್ರಯೋಜನವುಂಟು. ಆರು ತಿಂಗಳ ನಂತರ ಹಳಸಿದ ಪೆಟ್ರೋಲಿಗೆ ಸುರಿದರೆ ಏನೂ ಆಗದು, ಬೇರ್ಪಟ್ಟ ನೀರನ್ನು ಅದು ಮರಳಿ ಬೆರೆಸುವುದೂ ಇಲ್ಲ. ಕಾಸಿಲ್ಲದ ಉಪಾಯ ಇದಕ್ಕಿಂತ ಉತ್ತಮ. ಟ್ಯಾಂಕ್ ಬರಿದು ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಒಣಗಿಸಿ ಇಡುವುದು. ಕ್ಯಾನುಗಳಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಸಂಗ್ರಹಿಸುವ ಹಳೆಯ ರೂಢಿಯನ್ನೂ ತೋಟದವರು ಬಿಡಬೇಕಾಗುತ್ತದೆ.

ಡೀಸೆಲ್ ಜೀಪುಗಳ ಪಾಡು

ಹೆಬ್ಬೆ ದಾರಿಯ ದುಡಿಮೆಗಾರರಾದ ಹಳೆಯ ಡೀಸೆಲ್ ಜೀಪುಗಳ ಯಾಂತ್ರಿಕ ಪಂಪುಗಳು ಒರಟು ಜೀವಗಳು. ಸಣ್ಣಪುಟ್ಟ ಕೊಳೆಗೆ ಜಗ್ಗುವುದಿಲ್ಲ. ಹೊಸ ಕಾಮನ್ ರೈಲ್ ಎಂಜಿನ್‌ಗಳು ಹಾಗಲ್ಲ. ಎರಡು ಸಾವಿರ ಬಾರ್‌ನ ಆಸುಪಾಸಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಅವುಗಳ ಇಂಜೆಕ್ಟರ್‌ಗಳಿಗೆ ನೀರಿನ ಒಂದು ತೊಟ್ಟು, ಧೂಳಿನ ಒಂದು ಕಣವೂ ಶತ್ರು. ಒಂದೊಂದರ ಬೆಲೆ ಸಾವಿರಗಳಲ್ಲಿರುವುದರಿಂದ ಮಾಲೀಕರ ಭಯ ಅಕಾರಣವಲ್ಲ. ಆದರೆ ಆ ಭಯಕ್ಕೆ ಉತ್ತರ ಡೀಸೆಲ್ ಫಿಲ್ಟರ್ ಬಳಿ ಇದೆ. ಫಿಲ್ಟರಿನ ತಳದಲ್ಲಿ ನೀರು ಬಸಿಯುವ ತಿರುಪು ಇರುತ್ತದೆ. ಮಳೆಗಾಲದಲ್ಲಿ ಆಗಾಗ ಅದನ್ನು ಸಡಿಲಿಸಿ ನೀರು ಬಿಡುವುದು, ಫಿಲ್ಟರನ್ನು ಅವಧಿಗೆ ಮುನ್ನವೇ ಬದಲಿಸುವುದು, ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಟ್ಟು ಒಳಗೆ ತೇವ ಬೆವರಲು ಜಾಗ ಬಿಡದಿರುವುದು ಇವು ಹಳಬರು ಬಲ್ಲ ವಿದ್ಯೆಗಳೇ.

ಗಂಧಕ ತೆಗೆದ ಡೀಸೆಲ್‌ಗೆ ಜಿಡ್ಡಿಲ್ಲ, ಪಂಪ್ ಸವೆಯುತ್ತದೆ ಎಂಬ ನಂಬಿಕೆಯಿಂದ ಟ್ಯಾಂಕಿಗೆ ಎರಡು ಸ್ಟ್ರೋಕ್ ಎಣ್ಣೆ ಸುರಿಯುವವರೂ ಇದ್ದಾರೆ. ನಂಬಿಕೆಯ ಅರ್ಧಭಾಗ ಸತ್ಯ. ಬಿಎಸ್-4ರಲ್ಲಿ 50 ಪಿಪಿಎಂ ಇದ್ದ ಗಂಧಕ ಬಿಎಸ್-6ರಲ್ಲಿ 10ಕ್ಕೆ ಇಳಿದಿದೆ. ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲ್‌ನ ಸಹಜ ಜಿಡ್ಡೂ ಹೋಗುತ್ತದೆ. ಆದರೆ ಅದನ್ನು ತುಂಬಿಕೊಡುವ ದ್ರಾವಣವನ್ನು ಬೆರೆಸಿಯೇ ಡೀಸೆಲ್ ಮಾರುಕಟ್ಟೆಗೆ ಬರುತ್ತದೆ, ಅದಕ್ಕೆ ನಿಗದಿತ ಪರೀಕ್ಷೆಯೂ ಇದೆ. ಅದರ ಮೇಲೆ ಸುರಿಯುವ ಎಣ್ಣೆ ಬೂದಿಯಾಗಿ ಹೊಗೆಕೊಳವೆಯ ಡಿಪಿಎಫ್ ಎಂಬ ಮಸಿ ಜಾಲರಿಯಲ್ಲಿ ಕೂರುತ್ತದೆ.

ಬಿಎಸ್-6 ಡೀಸೆಲ್ ವಾಹನಗಳ ಈ ಜಾಲರಿಯೇ ಬೆಟ್ಟದೂರುಗಳಲ್ಲಿ ಹೊಸ ಗ್ರಹಚಾರವಾಗಿದೆ. ಹಿಡಿದಿಟ್ಟ ಮಸಿಯನ್ನು ಅದು ಸುಮಾರು ಆರುನೂರು ಡಿಗ್ರಿ ಬಿಸಿಯಲ್ಲಿ ತಾನೇ ಸುಟ್ಟುಕೊಳ್ಳಬೇಕು. ಮೊದಲ ಗೇರಿನಲ್ಲಿ ತೆವಳುವ, ನಡುವೆ ನಿಲ್ಲುವ ಗಾಡಿಯಲ್ಲಿ ಆ ಕೆಲಸ ಪೂರ್ತಿಯಾಗದೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೂ ಬಾಟಲಿಗಳಿವೆ. ಮಸಿ ಕಡಿಮೆ ಬಿಸಿಯಲ್ಲಿಯೇ ಉರಿಯುವಂತೆ ಮಾಡುವ ರಾಸಾಯನಿಕ ಸುಳ್ಳಲ್ಲ. 2000ದಲ್ಲಿ ಬಂದ ಪೂಜೊ 607 ಕಾರಿನಲ್ಲಿ ಸೀರಿಯಂ ಆಧಾರಿತ ಇಂತಹ ದ್ರಾವಣಕ್ಕೆ ಪ್ರತ್ಯೇಕ ಟ್ಯಾಂಕನ್ನೇ ಇಡಲಾಗಿತ್ತು. ಆದರೆ ಅದು ವಾಹನದೊಂದಿಗೇ ವಿನ್ಯಾಸಗೊಂಡ, ಅಳತೆ ಮಾಡಿ ಬೆರೆಸುವ ವ್ಯವಸ್ಥೆ. ಹಾಗೆ ರೂಪಿಸದ ಗಾಡಿಗೆ ಲೋಹದ ಅಂಶವುಳ್ಳ ದ್ರಾವಣ ಸುರಿದರೆ ಮಸಿ ಹೋಗಿ ಬೂದಿ ಉಳಿಯುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಬೆಟ್ಟದಲ್ಲಿ ದುಡಿಯುವ ಬಿಎಸ್-6 ಗಾಡಿಯನ್ನು ವಾರಕ್ಕೊಮ್ಮೆ ತರೀಕೆರೆಗೆ ಇಳಿಸಿ, ಕಡೂರಿನವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ ತರುವುದು ಅದಕ್ಕಿಂತ ಕ್ಷೇಮ. ಅಂದಹಾಗೆ, ಕೆಲವು ಹೊಸ ಡೀಸೆಲ್ ವಾಹನಗಳಿಗೆ ಬೇಕಾಗುವ ಡಿಇಎಫ್ ಎಂಬ ಯೂರಿಯಾ ದ್ರಾವಣ ಈ ಗುಂಪಿಗೆ ಸೇರಿದ್ದಲ್ಲ. ಅದಕ್ಕೆ ಬೇರೆಯೇ ಟ್ಯಾಂಕ್ ಇರುತ್ತದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ದೊಡ್ಡ ಖರ್ಚು ಕಾದಿರುತ್ತದೆ.

ಕೆಟ್ಟ ಇಂಧನಕ್ಕೆ ಬಾಟಲಿ ಮದ್ದಲ್ಲ

ನಮ್ಮ ಜನ ಬಾಟಲಿಗೆ ಮೊರೆಹೋಗುವುದರ ಹಿಂದೆ ಬಂಕಿನ ಬಗೆಗಿನ ಅಪನಂಬಿಕೆಯೂ ಇದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ್ದ ಇಂಡಿಯನ್ ಆಯಿಲ್ ಅಧಿಕಾರಿ ಎಸ್. ಮಂಜುನಾಥ್, ಕಲಬೆರಕೆ ಮಾಡುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡಿದ್ದಕ್ಕಾಗಿ 2005ರ ನವೆಂಬರ್ 19ರಂದು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಗೆ ಬಲಿಯಾದರು. ಆಗ ಅವರ ವಯಸ್ಸು ಕೇವಲ 27. ಕಲಬೆರಕೆ ಇಂಧನದ ಹಿಂದೆ ಎಷ್ಟು ಹಣ ಹರಿಯುತ್ತದೆ ಎಂಬುದನ್ನು ಆ ಪ್ರಕರಣ ದೇಶಕ್ಕೆ ತೋರಿಸಿಕೊಟ್ಟಿತು.

ಕಲಬೆರಕೆಯ ಸಂಶಯವಿದ್ದಾಗ ಮಾರ್ಜಕ ಸುರಿದು ಸಮಾಧಾನಪಡುವುದು, ಕೊಳೆತ ಬೇಳೆಗೆ ಒಗ್ಗರಣೆ ಹಾಕಿದಂತೆ. ಬಂಕಿನಲ್ಲಿ ಕೇಳುವ ಹಕ್ಕು ಗ್ರಾಹಕನಿಗಿದೆ, ಅದಕ್ಕೆ ಶುಲ್ಕವೂ ಇಲ್ಲ. ಪೆಟ್ರೋಲಿನ ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟರೆ ಅದು ಕಲೆ ಉಳಿಸದೆ ಆರಬೇಕು. ಸಾಂದ್ರತೆಯನ್ನು ಅಳೆಯಿಸಿದರೆ ಬಂಕಿನ ದಾಖಲೆಯಲ್ಲಿರುವ ಅಂಕಿಗೂ ಅದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಳತೆಯ ಬಗ್ಗೆ ಅನುಮಾನವಿದ್ದರೆ ಮುದ್ರೆ ಹಾಕಿದ ಐದು ಲೀಟರಿನ ಪಾತ್ರೆಯನ್ನು ತರಿಸಿ ನೋಡಬಹುದು. ಬೆಟ್ಟಕ್ಕೆ ಹೊರಟ ಅವಸರದಲ್ಲಿ ಇದನ್ನೆಲ್ಲ ಕೇಳುವವರು ವಿರಳ. ಕೇಳಿದವರನ್ನು ಹಿಂದಿನ ಸಾಲಿನಲ್ಲಿರುವವರೇ ಗದರಿಸುವುದೂ ಉಂಟು.

ಹಾಗಾದರೆ ಬಾಟಲಿಯನ್ನು ಯಾರು ಕೊಳ್ಳಬಹುದು? ಐವತ್ತು, ಅರವತ್ತು ಸಾವಿರ ಕಿಲೋಮೀಟರ್ ಓಡಿದ, ವಾಲ್ವಿನ ಹಿಂದೆ ಇಂಜೆಕ್ಟರ್ ಇರುವ ಸಾಮಾನ್ಯ ಪೆಟ್ರೋಲ್ ಕಾರು, ಅದರಲ್ಲೂ ಸಣ್ಣ ದೂರಗಳಿಗೇ ಬಳಕೆಯಾದದ್ದು, ಬೆಳಗಿನ ಚಳಿಯಲ್ಲಿ ನಡುಗುತ್ತ ಶುರುವಾಗುತ್ತಿದ್ದರೆ, ಪ್ಲಗ್, ಏರ್ ಫಿಲ್ಟರ್ ನೋಡಿಸಿದ ಮೇಲೂ ಸರಿಹೋಗದಿದ್ದರೆ, ಪಿಇಎ ಇರುವ ಬಾಟಲಿಯೊಂದನ್ನು ತುಂಬಿದ ಟ್ಯಾಂಕಿಗೆ ಸುರಿದು ದೂರದ ಓಟ ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಒಂದು ಟ್ಯಾಂಕಿನಲ್ಲಿ ಗುಣ ಕಾಣದಿದ್ದರೆ ಎರಡನೆಯದು ಬೇಡ. ಇಂಜೆಕ್ಟರ್ ಬಿಚ್ಚಿಸಿ ಯಂತ್ರದಲ್ಲಿ ತೊಳೆಸಿ, ಸಿಂಪಡಿಕೆಯನ್ನು ಕಣ್ಣಾರೆ ನೋಡಿ ಹಣ ಕೊಡುವುದು ಲೇಸು. ವಾರಂಟಿ ಅವಧಿಯಲ್ಲಿರುವ ಗಾಡಿಗಾದರೆ ಕಂಪನಿಯ ಕೈಪಿಡಿಯಲ್ಲಿ ದ್ರಾವಣಗಳ ಬಗ್ಗೆ ಏನಿದೆ ಎಂದು ಮೊದಲು ಓದಬೇಕು.

ಸರ್ವಿಸ್‌ಗೆ ಗಾಡಿ ಬಿಡುವಾಗ ಸಹಿ ಹಾಕಿಸಿಕೊಳ್ಳುವ ಜಾಬ್ ಕಾರ್ಡಿನಲ್ಲಿ ಈ ಸಾಲು ಮೊದಲೇ ಅಚ್ಚಾಗಿರುವುದುಂಟು. ಬೇಡವೆಂದು ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಸಹಿ ಹಾಕಿದರೆ ಬಿಲ್ಲಿನಲ್ಲಿ ಅದು ಬರಕೂಡದು. ಕಳೆದ ಸರ್ವಿಸ್‌ನಲ್ಲಿ ಈ ವರದಿಗಾರ ಹಾಗೆಯೇ ಮಾಡಿದ್ದಾಯಿತು. ಆ ಕೇಂದ್ರದ ಸಿಬ್ಬಂದಿ ಮರುಮಾತಿಲ್ಲದೆ ಆ ಸಾಲನ್ನು ತೆಗೆದರು.